ನಾಗಾಸಾಕಿಲಿ ಒಂದೂವರೆ ದಿನ, ಜೊತೆಗೆ ಮಂಡಿ ನೋವಿರೋ ಅಮ್ಮ – ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡು ಜಪಾನಿಗೆ ಹೋಗ್ತಿದೀವಿ, ಹಕಾಟಾದಿಂದ ಹೊರಟು ತಾಕೆಯೋ ಓನ್ಸೆನಲ್ಲಿ ಟ್ರೇನ್ ಬದಲಾಯಿಸಿ ನಾಗಾಸಾಕಿಗೆ, ಅಲ್ಲಿ ಸಿಗೋದು ಒಂದೂವರೆ ದಿನ ಅಷ್ಟೇ.

ನಂಗೆ ಮುಖ್ಯವಾಗಿ ನೋಡ್ಬೇಕಿರೋದು ಓಊರಾ ಚರ್ಚು, ಅದರ ಹತ್ರಾನೇ ಇರೋ 1893ರ ಕನ್ಫ್ಯೂಷಿಯಸ್ ಗುಡಿ, ಆಮೇಲೆ ಚೀನಾದ ಫುಜಿಯಾನ್ ಕಡೆಯವರು 1629ರಲ್ಲಿ ಕಟ್ಟಿಸಿದ ಸೋಫುಕುಜಿ ಅನ್ನೋ ಬೌದ್ಧ ದೇವಸ್ಥಾನ. ಸ್ಟೇಷನ್ ಹತ್ರ ನಿಶಿಜಾಕ ಗುಡ್ಡದಲ್ಲಿ 1597ರಲ್ಲಿ ಶಿಲುಬೆಗೇರಿಸಿದ 26 ಜನ ಕ್ರೈಸ್ತರ ಸ್ಮಾರಕ ಇದ್ಯಲ್ಲ, ಅವರಲ್ಲಿ ಒಬ್ಬ, ಗೊನ್ಸಾಲೊ ಗಾರ್ಸಿಯಾ, ಮುಂಬೈ ಪಕ್ಕದ ವಸಯಿಲಿ ಹುಟ್ಟಿದವ್ನಂತೆ! ಅದನ್ನ ಕೇಳಿದ್ಮೇಲೆ ಅಮ್ಮಂಗೂ ಹೋಗ್ಲೇಬೇಕು ಅಂತ ಹಠ.

ಸಮಸ್ಯೆ ಏನಂದ್ರೆ ಊರೆಲ್ಲಾ ಬರೀ ಏರು, ಮೆಟ್ಲು. ಓಊರಾ ಚರ್ಚಿನ ಮೇಲ್ಗಡೆ ಗುಡ್ಡದಲ್ಲಿರೋ, ಹಳೇ ವಿದೇಶಿಯರ ಮನೆಗಳ ಗ್ಲೋವರ್ ಗಾರ್ಡನ್ನಿಗೆ ಇಳಿಜಾರಲ್ಲಿ ಓರೆಯಾಗಿ ಹತ್ತೋ ಲಿಫ್ಟ್ ಇದೆ, ಅದರಲ್ಲಿ ಮೇಲಿಂದ ಶುರುಮಾಡಿ ಚರ್ಚ್ ಕಡೆ ಇಳಿದ್ರೆ ಮಂಡಿಗೆ ಸುಲಭನಾ, ಇಲ್ಲಾ ಇಳಿಯೋದೇ ಜಾಸ್ತಿ ನೋವಾ? ಉರಕಾಮಿ ಚರ್ಚು, ಅಣುಬಾಂಬ್ ಮ್ಯೂಸಿಯಂ ಊರಿನ ಉತ್ತರಕ್ಕಿವೆ, ಅದನ್ನ ಬೇರೆ ದಿನಕ್ಕೆ ಇಟ್ಕೊಳ್ಳೋದಾ?

ಇನ್ನು ಊಟ. ಶಿಂಚಿ ಚೈನಾಟೌನಲ್ಲಿ ಎಲ್ರೂ ಹೇಳೋ ಚಾಂಪೊನ್ ನೂಡಲ್ಸಲ್ಲಿ ಹಂದಿ, ಸೀಗಡಿ, ಕಸ್ಟೆಲ್ಲಾ ಕೇಕಲ್ಲಿ ಮೊಟ್ಟೆ, ಅಮ್ಮ ಎರಡೂ ಮುಟ್ಟಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಕೊಂಡೇ ಹೋಗ್ತೀನಿ, ಆದ್ರೂ ಬಿಸಿಬಿಸಿ ವೆಜ್ ಏನಾದ್ರೂ ಸಿಗೋ ಜಾಗ ಗೊತ್ತಿದ್ರೆ ಹೇಳಿ ಪ್ಲೀಸ್.