ಪದ ಬೇಕು: ಗಣಿ ಪಕ್ಕದ ‘ಮಾನಿಟರಿಂಗ್ ವೆಲ್’ಗೆ ಕನ್ನಡದಲ್ಲಿ ಏನನ್ನೋಣ?

ಕೆಜಿಎಫ್‌ನಿಂದ:
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಇಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ, ಸೈನೈಡ್ ದಿಬ್ಬಗಳು (ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು) ಹಾಗೇ ನಿಂತಿವೆ. ಒಂದು ದಿಬ್ಬದ ಪಕ್ಕ ನೀರು ಕೆಟ್ಟಿದೆಯೋ ಇಲ್ಲವೋ ನೋಡಲೆಂದೇ ಇರುವ ಬೋರ್‌ವೆಲ್‌ಗೆ ಬೋರ್ಡು ಬರೆಸಬೇಕು, ಪೇಂಟರ್ ನಾಳೆ ಬೆಳಗ್ಗೆ ಬರ್ತಾರೆ. ಕೈಗೆ ಬಂದ ಕರಡಿನಲ್ಲಿ ‘ಅಂತರ್ಜಲ ಮೇಲ್ವಿಚಾರಣಾ ಬಾವಿ’ ಅಂತಿದೆ. ಪರೀಕ್ಷೆಗೆಂದು ಹಳ್ಳದ ನೀರು ಹಿಡಿಯುವ ಜಾಗಕ್ಕೆ ‘ಮೇಲ್ಮೈ ಜಲ ಮೇಲ್ವಿಚಾರಣಾ ಕೇಂದ್ರ’. ಎರಡೂ ನನಗೆ ಒಪ್ಪಿಗೆಯಿಲ್ಲ.

ಕೋಲಾರದಿಂದ:
ಮೇಲ್ವಿಚಾರಣೆ ಸಲ್ಲದು. ಅದು ಹಾಸ್ಟೆಲ್‌ಗೆ, ಕಟ್ಟಡದ ಕೆಲಸಕ್ಕೆ. ‘ಮೇಲ್ಮೈ ಜಲ’ ಶುದ್ಧ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ‘ಕಣ್ಗಾವಲು ಬಾವಿ’ ಎಂದು ಬರೆಸಿ. ಕಣ್, ಕಾವಲು ಎರಡೂ ಅಚ್ಚಗನ್ನಡ, ಆದೇಶಸಂಧಿಯೂ ಸರಿಯಾಗಿದೆ. ಯಾರಾದರೂ ‘ನಿಗಾ’ ತರುವ ಮೊದಲೇ ಹೇಳ್ತೇನೆ: ಅದು ಪಾರಸಿ.

ಬಂಗಾರಪೇಟೆಯಿಂದ:
ಪಾರಸಿಯಾದರೇನು ಸ್ವಾಮಿ? ನಿಮ್ಮ ‘ಬಾವಿ’ ಸಂಸ್ಕೃತದ ‘ವಾಪಿ’ಯ ತದ್ಭವ, ‘ಗಣಿ’ ‘ಖನಿ’ಯ ತದ್ಭವ. ಅವಕ್ಕೆ ಬಾಗಿಲು ತೆರೆದು ನಿಗಾಕ್ಕೆ ಮಾತ್ರ ಅಗುಳಿ ಹಾಕುವುದು ಯಾವ ನ್ಯಾಯ? ಆಸ್ಪತ್ರೆಯಲ್ಲಿ ‘ತೀವ್ರ ನಿಗಾ ಘಟಕ’ ಅಂದರೆ ಅರ್ಥವಾಗದವರು ಯಾರಿದ್ದಾರೆ? ಕಣ್ಗಾವಲು ಅಂದರೆ ಜನ ಸಿಸಿ ಕ್ಯಾಮೆರಾ ಅಂದುಕೊಳ್ತಾರೆ.

ಚಿಂತಾಮಣಿಯಿಂದ:
ಇಬ್ಬರೂ ಬೋರ್ಡು ಓದುವವರನ್ನು ಮರೆತಿದ್ದೀರಿ. ಆ ಬೋರ್‌ವೆಲ್ ಏನು ಮಾಡುತ್ತದೆ ಅಂತ ಮೊದಲು ನೋಡಿ. ಇಂಥವನ್ನು ದಿಬ್ಬದ ಕಡೆಗೆ ನೀರು ಹರಿದುಬರುವ ಮೇಲಿನ ಬದಿಗೆ ಒಂದು, ದಿಬ್ಬ ದಾಟಿ ನೀರು ಇಳಿಯುವ ಕಡೆ ಒಂದೆರಡು ಕೊರೆಸ್ತಾರೆ. ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ವ್ಯತ್ಯಾಸವೇ ಲೆಕ್ಕ. ಟೇಪು ಇಳಿಸಿ ನೀರಿನ ಮಟ್ಟ ಅಳೆದು, ಪೈಪಿನೊಳಗೆ ನಿಂತ ಹಳೇ ನೀರನ್ನೆಲ್ಲ ಹೊರಗೆ ತೆಗೆದು, ಹೊಸ ನೀರು ಬಂದ ಮೇಲೆ ಬಾಟಲಿ ತುಂಬಬೇಕು. ಸೈನೈಡ್ ನೋಡುವ ಬಾಟಲಿಗೆ ಕ್ಷಾರ, ಲೋಹ ನೋಡುವ ಬಾಟಲಿಗೆ ನೈಟ್ರಿಕ್ ಆಮ್ಲ. ಅದಲುಬದಲಾದರೆ ವರದಿ ಸುಳ್ಳಾಗುತ್ತದೆ, ಸೈನೈಡಿಗೆ ಆಮ್ಲ ಬಿದ್ದರೆ ವಿಷಾನಿಲವೇ ಏಳುತ್ತದೆ.

ಬಿಸಿಲಿಗೆ ಸೈನೈಡ್ ಬರಬರುತ್ತಾ ಒಡೆದುಹೋಗುತ್ತದೆ. ಆದರೆ ಕೋಲಾರದ ಅದಿರಿನಲ್ಲಿ ಗಂಧಕದ ಖನಿಜಗಳ ಜೊತೆ ಆರ್ಸೆನಿಕ್ ಕೂಡ ಇತ್ತು, ಅದು ಒಡೆದುಹೋಗುವಂಥದ್ದಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಮಿತಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೈನೈಡ್ 0.05 ಮಿಲಿಗ್ರಾಂ. ಆರ್ಸೆನಿಕ್ ಇರುವ ನೀರು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲೂ ಗೊತ್ತಾಗದು, ಕುದಿಸಿದರೂ ಹೋಗದು.

‘ಪರೀಕ್ಷಾ ಬೋರ್‌ವೆಲ್’ ಬೇಡವೇ ಬೇಡ. ನಮ್ಮ ಕಡೆ ಅದನ್ನು ನೀರು ಬೀಳುತ್ತೋ ಇಲ್ಲವೋ ಅಂತ ಕೊರೆಸಿ ನೋಡಿದ್ದು ಅಂದುಕೊಳ್ತಾರೆ. ‘ವೀಕ್ಷಣಾ ಬಾವಿ’ ಕಡತದಲ್ಲಿ ನಡೆಯುತ್ತದೆ, ಬೇಲಿ ಪಕ್ಕ ದನ ಕಾಯುವವರಿಗೆ ಅದರಿಂದ ಏನೂ ತಿಳಿಯದು. ‘ನೀರಿನ ನಿಗಾ ಬೋರ್‌ವೆಲ್’ ಅಂತ ಬರೆಸಿ. ಅದಕ್ಕಿಂತ ದೊಡ್ಡಕ್ಷರದಲ್ಲಿ: ‘ಈ ನೀರು ಕುಡಿಯಬೇಡಿ. ಕುದಿಸಿಯೂ ಕುಡಿಯಬೇಡಿ. ದನಕರುಗಳಿಗೂ ಕುಡಿಸಬೇಡಿ.’ ಹಳ್ಳದ ಹತ್ತಿರ ‘ಹಳ್ಳದ ನೀರಿನ ನಿಗಾ ಜಾಗ’ ಸಾಕು. ಕೆರೆಯಾದರೆ ಕೆರೆ ಎನ್ನಿ. ‘ಮೇಲ್ಮೈ’ ಏಕೆ?

ಕೋಲಾರದಿಂದ:
ಮೂರು ಪದದಲ್ಲಿ ಒಂದು ಪಾರಸಿ, ಒಂದು ಇಂಗ್ಲಿಷ್, ಒಂದು ಸಂಸ್ಕೃತ. ಕನ್ನಡ ಎಲ್ಲಿ ಉಳಿಯಿತು?

ಬಂಗಾರಪೇಟೆಯಿಂದ:
‘ನೀರು’ ದ್ರಾವಿಡ ಪದ. ಸಂಸ್ಕೃತವೇ ಅದನ್ನು ನಮ್ಮಿಂದ ಪಡೆಯಿತು ಅನ್ನುವ ವಿದ್ವಾಂಸರಿದ್ದಾರೆ. ನಿಘಂಟು ತೆಗೆದು ನೋಡಿ ಆಮೇಲೆ ಬರೆಯಿರಿ.

ಕೆಜಿಎಫ್‌ನಿಂದ:
‘ನೀರಿನ ನಿಗಾ ಬೋರ್‌ವೆಲ್’ ಪೇಂಟರ್‌ಗೆ ಕೊಟ್ಟೆ, ಎಚ್ಚರಿಕೆಯ ಮೂರು ಸಾಲೂ ಸೇರಿಸಿದ್ದೇನೆ. ಕಣ್ಗಾವಲಿನ ಚರ್ಚೆ ಬೇರೆ ಎಳೆಯಲ್ಲಿ ಮುಂದುವರಿಸಿ. ಈಗ ನನಗೆ ಬೇಕಾದ್ದು ಅದೇ ಮೂರು ಸಾಲು ತಮಿಳಿನಲ್ಲಿ ಮತ್ತು ತೆಲುಗಿನಲ್ಲಿ. ಕಾಲೋನಿ ಕಡೆ ತಮಿಳು ಓದುವವರೇ ಹೆಚ್ಚು. ರಾತ್ರಿಯೊಳಗೆ ಯಾರಾದರೂ ಕಳಿಸ್ತೀರಾ?