ಮಗುವಿನ ಮೆದುಳಲ್ಲಿ ಗಡ್ಡೆ, 'ಮೆದುಳು ಕೆಳಗೆ ಜಾರಬಹುದು' ಅಂದರು, ಹಾಗಂದ್ರೆ ಏನು?

ಪ್ರಶ್ನೆ:
ಅಕ್ಕನ ಮಗನಿಗೆ 6 ವರ್ಷ. ಸುಮಾರು ದಿನದಿಂದ ಬೆಳಗ್ಗೆ ಎದ್ದ ಕೂಡಲೇ ವಾಂತಿ, ಆಮೇಲೆ ತಿಂಡಿ ತಿಂದು ಆರಾಮಾಗಿ ಆಡಿಕೊಂಡಿರುತ್ತಿದ್ದ. ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಟ್ಟಿದ್ದರು. ಈಗ ನಡೆಯುವಾಗ ವಾಲುತ್ತಾನೆ, ಕತ್ತು ಓರೆ ಮಾಡಿಕೊಂಡೇ ಇರುತ್ತಾನೆ. ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಭಾಗದಲ್ಲಿ ಗಡ್ಡೆ, ನೀರು ಕಟ್ಟಿಕೊಂಡಿದೆ ಅಂತ ಬಂತು. ಅಡ್ಮಿಟ್ ಮಾಡಿದ್ದಾರೆ. ಬೆನ್ನಿಂದ ನೀರು ತೆಗೆದರೆ ಒತ್ತಡ ಇಳಿಯಲ್ವಾ ಅಂತ ಭಾವ ಕೇಳಿದರೆ ಬೇಡವೇ ಬೇಡ ಅಂದರಂತೆ. ಯಾಕೆ?

ಉತ್ತರ 1:
ನಾನು ಮಕ್ಕಳ ಐಸಿಯುನಲ್ಲಿ ನರ್ಸ್. ಡಾಕ್ಟರ್ ಹೇಳಿದ್ದು ಸರಿ. ತಲೆಬುರುಡೆ ಹಿಗ್ಗುವುದಿಲ್ಲ. ಗಡ್ಡೆ ಬೆಳೆದು ಮೆದುಳಿನ ನೀರು ಹರಿದುಹೋಗುವ ದಾರಿ ಮುಚ್ಚಿದರೆ ಮೇಲೆ ನೀರು ತುಂಬುತ್ತಾ ಒತ್ತಡ ಏರುತ್ತದೆ, ಆಗ ಕಿರುಮೆದುಳಿನ ತುದಿ ಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ತೂತಿನೊಳಗೆ ನುಗ್ಗುತ್ತದೆ. ಉಸಿರಾಟ ನಡೆಸುವ ಮೆದುಳಿನ ಕಾಂಡ ಇರುವುದೂ ಅಲ್ಲೇ, ಅದು ಅಮುಕಿಹೋಗುತ್ತದೆ. ಬೆನ್ನಿಂದ ನೀರು ತೆಗೆದರೆ ಕೆಳಗಿನ ಒತ್ತಡ ಮಾತ್ರ ಇಳಿದು ಮೆದುಳು ಇನ್ನೂ ಬೇಗ ಜಾರಬಹುದು. ಅದಕ್ಕೇ ಮೇಲಿನಿಂದ, ತಲೆಗೆ ಟ್ಯೂಬ್ ಹಾಕಿ ನೀರನ್ನು ನಿಧಾನಕ್ಕೆ ತೆಗೆಯುತ್ತಾರೆ, ಇಲ್ಲವೇ ಎಂಡೋಸ್ಕೋಪ್‌ನಿಂದ ಒಳಗೇ ಬೇರೆ ದಾರಿ ಮಾಡುತ್ತಾರೆ.

ಉತ್ತರ 2:
ನಮ್ಮ ಮಗಳಿಗೂ ಇದೇ ಜಾಗದಲ್ಲಿ ಇತ್ತು, ಮೆಡುಲ್ಲೊಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಗಡ್ಡೆ. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲಾ ಆಯಿತು, ಈಗ ಸ್ಕೂಲಿಗೆ ಹೋಗುತ್ತಾಳೆ. ಬಯಾಪ್ಸಿ ರಿಪೋರ್ಟ್ ಬರುವ ತನಕ ಸುಮ್ನೆ ಏನೇನೋ ಓದಿ ಹೆದರಬೇಡಿ. ಪೈಲೋಸಿಟಿಕ್ ಆಸ್ಟ್ರೋಸೈಟೋಮಾ ಅನ್ನುವ ನಿಧಾನಕ್ಕೆ ಬೆಳೆಯುವ ಗಡ್ಡೆ ಆಗಿದ್ದು, ಅದನ್ನು ಪೂರ್ತಿ ತೆಗೆಯಲು ಆದರೆ ಎಷ್ಟೋ ಮಕ್ಕಳಿಗೆ ಆಪರೇಷನ್ನೇ ಸಾಕಾಗುತ್ತದೆ. ಒಂದು ವಿಷಯ ಮಾತ್ರ ಅಕ್ಕನಿಗೆ ಮೊದಲೇ ಹೇಳಿಡಿ. ಆಪರೇಷನ್ ಆಗಿ ಒಂದೆರಡು ದಿನಕ್ಕೆ ಕೆಲವು ಮಕ್ಕಳ ಮಾತು ಪೂರ್ತಿ ನಿಂತುಹೋಗುತ್ತದೆ. ನಮ್ಮವಳು 'ಅಮ್ಮ' ಅಂತ ಕೂಡ ಅನ್ನಲಿಲ್ಲ, ಬರೀ ಅಳುತ್ತಿದ್ದಳು. ವಾರಗಟ್ಟಲೆ ಆದಮೇಲೆ ಮಾತು ವಾಪಸ್ ಬಂತು, ಸ್ಪೀಚ್ ಥೆರಪಿ ಮಾತ್ರ ಆಮೇಲೂ ಬೇಕಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಧ್ಯಾಹ್ನದಿಂದ ಜಾಸ್ತಿ ನಿದ್ದೆ ಮಾಡುತ್ತಿದ್ದಾನಂತೆ. ಸುಸ್ತಾಗಿರಬೇಕು, ಮಲಗಲಿ ಅಂತ ಅಕ್ಕ ಎಬ್ಬಿಸಿಲ್ಲ.

ಉತ್ತರ 1:
ಈಗಲೇ ಅಕ್ಕನಿಗೆ ಫೋನ್ ಮಾಡಿ. ಎಬ್ಬಿಸಿ ನೋಡಲಿ, ಎದ್ದರೂ ಏಳದಿದ್ದರೂ ನರ್ಸನ್ನು ಕರೆಯಲೇಬೇಕು. ಮಂಪರು ಹೆಚ್ಚುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ನಾಡಿ ನಿಧಾನವಾಗುವುದು, ಉಸಿರು ಏರುಪೇರಾಗುವುದು, ಇವೆಲ್ಲ ಒತ್ತಡ ಮಿತಿಮೀರುತ್ತಿರುವ ಲಕ್ಷಣ. ರೌಂಡ್ಸ್‌ಗೆ ಬರುವ ತನಕ ಕಾಯಬೇಡಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಡ್ಯೂಟಿ ಡಾಕ್ಟರ್ ಬಂದು ನೋಡಿ ಮೆದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಡ್ರಿಪ್ ಹಾಕಿಸಿದರಂತೆ, ಟ್ಯೂಬ್ ಇಡಲು ಓಟಿಗೆ ಕರೆದುಕೊಂಡು ಹೋದರು. ನಾನೂ ಹೊರಟೆ.