ಪುಟ್ಟಿ, ಆ ಐದು ತಿಂಗಳು ಎಲ್ಲೂ ಹೋಗಿಲ್ಲ

ಪುಟ್ಟಿ, ನಿನ್ನ ಮೆಸೇಜ್ ಎರಡು ಸಲ ಕೇಳಿದೆ. ಟೈಪ್ ಮಾಡಿ ಮುಗಿಸುವ ವಿಷಯ ಅಲ್ಲ ಅನಿಸಿತು, ಅದಕ್ಕೇ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳು. ಭಾವ, ನೀವೂ ಕೇಳಿ. ನೀವು ಗ್ರೂಪಲ್ಲಿ ಹಾಕಿದ ಪ್ರಶ್ನೆಗೂ ಉತ್ತರ ಇದರಲ್ಲೇ ಬರುತ್ತದೆ.

ನೀನು ಹೇಳಿದ್ದು ಇಷ್ಟು. ಪಿಎಚ್‌ಡಿ ಮೂರನೇ ವರ್ಷ. ಒಂದು ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ ಬೇಗ ನಡೆಸುವ ವಸ್ತು, ಹಿಡಿದು ಕೂತಿದ್ದೀಯ. ಮೊದಲ ಸಲ 82 ಪರ್ಸೆಂಟ್ ಯೀಲ್ಡ್ ಬಂತು, ಅಂದರೆ ಸಿಗಬಹುದಾದ ವಸ್ತುವಿನಲ್ಲಿ ಅಷ್ಟು ಪಾಲು ಕೈಗೆ ಸಿಕ್ಕಿತು; ಆಮೇಲೆ ಎಷ್ಟು ಸಲ ಮಾಡಿದರೂ 50 ದಾಟಲಿಲ್ಲ. ಐದು ತಿಂಗಳು ಕಳೆದ ಮೇಲೆ ಸಾಲ್ವೆಂಟಿನಲ್ಲಿ, ಅಂದರೆ ಎಲ್ಲವನ್ನೂ ಕರಗಿಸುವ ದ್ರವದಲ್ಲಿ, ಇದ್ದ ನೀರೇ ಕಾರಣ ಅಂತ ಗೊತ್ತಾಯಿತು. ಅಷ್ಟರಲ್ಲಿ ಯೂನಿವರ್ಸಿಟಿಯವರು, ಬೇರೆ ಕೆಲಸಕ್ಕೂ ಬರುವ ಕೌಶಲಗಳು ಅಂತ 63 ಸಾಲಿನ ಪಟ್ಟಿ ಕಳಿಸಿದರು. ಒಂದಕ್ಕೂ ಟಿಕ್ ಹಾಕಲು ಧೈರ್ಯ ಬರಲಿಲ್ಲ. ‘ಈ ಒಂದು ರಿಯಾಕ್ಷನ್ ಬಿಟ್ಟು ನನಗೆ ಏನೂ ಬರಲ್ಲ ಚಿಕ್ಕಮ್ಮ’ ಅಂದೆ. ಭಾವ ಕೇಳಿದ್ದು, ಪ್ರೊಫೆಸರ್ ಕೆಲಸ ಸಿಗದಿದ್ದರೆ ಇಷ್ಟು ವರ್ಷ ಮಾಡಿದ್ದು ಯಾವುದಕ್ಕೆ ಬರುತ್ತದೆ ಅಂತ.

ಮೊದಲು ಆ ಪಟ್ಟಿಯ ಭಯ ಬಿಡು. ಬ್ರಿಟನ್ನಿನ ವೀಟೇ ಅನ್ನುವ ಸಂಸ್ಥೆ 2010ರಲ್ಲಿ ಹೊರತಂದದ್ದು ಅದು. ನಾಲ್ಕು ಭಾಗ, 12 ಉಪಭಾಗ, 63 ಅಂಶ. ಸಂಶೋಧನೆಯಲ್ಲೇ ತಲೆ ನೆರೆತವರನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದು. ಅದಕ್ಕೇ ಒಂದೊಂದು ಅಂಶಕ್ಕೂ ಹಲವು ಹಂತಗಳಿವೆ. ಮೂರನೇ ವರ್ಷದವಳು ಎಲ್ಲದಕ್ಕೂ ಟಿಕ್ ಹಾಕಬೇಕು ಅಂತ ಏನೂ ಇಲ್ಲ. ಪಟ್ಟಿ ಪಕ್ಕಕ್ಕಿಡು. ನಿನ್ನ ಐದು ತಿಂಗಳನ್ನೇ ತೆಗೆದುಕೊಳ್ಳೋಣ.

ಯೀಲ್ಡ್ ಬಿದ್ದಾಗ ನೀನು ಏನು ಮಾಡಿದೆ? ನೀನು ಹೇಳಿದ್ದನ್ನೇ ನಾನು ತಿರುಗಿ ಹೇಳುತ್ತೇನೆ. ಹಳೆಯ ನೋಟ್‌ಬುಕ್ ತೆರೆದು ಆ ದಿನ ಏನೇನು ಬಳಸಿದ್ದೆ ಅಂತ ನೋಡಿದೆ. ಕ್ಯಾಟಲಿಸ್ಟಿನ ಹೊಸ ಬ್ಯಾಚ್ ಮಾಡಿದೆ, ವ್ಯತ್ಯಾಸ ಆಗಲಿಲ್ಲ. ಉಷ್ಣತೆ, ನೈಟ್ರೋಜನ್, ಕಲಕುವ ವೇಗ, ಹೀಗೆ ಒಂದೊಂದನ್ನೇ ಬದಲಿಸಿದೆ. ಉಳಿದದ್ದನ್ನು ಮುಟ್ಟಲಿಲ್ಲ. ಕೊನೆಗೆ ಸಾಲ್ವೆಂಟ್ ಬಾಟಲಿಯ ಮೇಲೆ ಅನುಮಾನ ಬಂತು. ಪಕ್ಕದ ಲ್ಯಾಬಿನವರನ್ನು ಕೇಳಿಕೊಂಡು, ಅವರ ಕಾರ್ಲ್ ಫಿಷರ್ ಯಂತ್ರದಲ್ಲಿ ನೀರಿನ ಅಂಶ ಅಳೆದೆ. ಒಣಗಿಸಿದ ಸಾಲ್ವೆಂಟ್ ಹಾಕಿದಾಗ ಯೀಲ್ಡ್ ಮೇಲೆ ಬಂತು. ಅಷ್ಟಕ್ಕೆ ನಿಲ್ಲಿಸಲಿಲ್ಲ ನೀನು. ಬೇಕಂತಲೇ ಸ್ವಲ್ಪ ನೀರು ಸೇರಿಸಿ, ಮತ್ತೆ ಬೀಳುತ್ತದಾ ಅಂತ ನೋಡಿದೆ. ಬಿತ್ತು.

ಆ ಕೊನೆಯ ಹೆಜ್ಜೆ ಇದೆಯಲ್ಲ, ಅದನ್ನು ಕೇಳಿ ನನಗೆ ಎಷ್ಟು ಖುಷಿ ಆಯಿತು ಗೊತ್ತಾ? ಸರಿಹೋಯಿತು ಅಂದ ಕೂಡಲೇ ಜಾಸ್ತಿ ಜನ ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಕಾರಣ ಅಂದುಕೊಂಡದ್ದು ನಿಜವಾಗಿಯೂ ಕಾರಣವಾ ಅಂತ ತಿರುಗಿಸಿ ನೋಡುವವರು ಕಡಿಮೆ. ಭಾವ, ಪದೇ ಪದೇ ನಿಲ್ಲುವ ಯಂತ್ರ ಇರಲಿ, ಇದ್ದಕ್ಕಿದ್ದಂತೆ ಇಳಿದ ಮಾರಾಟ ಇರಲಿ, ಯಾಕೆ ಹೀಗಾಯಿತು ಅಂತ ಹುಡುಕುವ ಕೆಲಸ ಎಲ್ಲ ಕಡೆ ಇದೆ. ನಿಮ್ಮ ಮಗಳು ಅದನ್ನು ಐದು ತಿಂಗಳು ಕೈಯಾರೆ ಮಾಡಿದ್ದಾಳೆ.

ಪುಟ್ಟಿ, ನಿನ್ನ ವಿಷಯಕ್ಕೇ ಹತ್ತಿರದ ಒಂದು ಘಟನೆ ಹೇಳುತ್ತೇನೆ. ಎರಡು ಅಣುಗಳ ಕಾರ್ಬನ್‌ಗಳನ್ನು ಜೋಡಿಸುವ ಸುಝುಕಿ ರಿಯಾಕ್ಷನ್‌ಗೆ ಪಲ್ಲೇಡಿಯಂ ಅನ್ನುವ ಲೋಹ ಕ್ಯಾಟಲಿಸ್ಟ್ ಆಗಿ ಬೇಕೇ ಬೇಕು ಅಂತ ಎಲ್ಲರೂ ಓದಿದ್ದೇವೆ. ನಿಕೊಲಸ್ ಲೆಡ್‌ಬೀಟರ್ ಅನ್ನುವ ರಸಾಯನಶಾಸ್ತ್ರಜ್ಞರ ತಂಡ 2003ರಲ್ಲಿ, ಅದು ಇಲ್ಲದೆಯೂ ನಡೆಯುತ್ತದೆ ಅಂತ ಪ್ರಕಟಿಸಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. 2005ರಲ್ಲಿ ಅವರೇ ತಿದ್ದಿ ಬರೆದರು. ಬಳಸಿದ್ದ ಸೋಡಿಯಂ ಕಾರ್ಬೊನೇಟಿನಲ್ಲೇ ಪಲ್ಲೇಡಿಯಂ ಸೇರಿಕೊಂಡಿತ್ತು, ನೂರು ಕೋಟಿಯಲ್ಲಿ 50 ಭಾಗದಷ್ಟು. ರಿಯಾಕ್ಷನ್ ನಡೆಯಲು ಅಷ್ಟು ಸಾಕಾಗಿತ್ತು. ಬಾಟಲಿಯ ಮೇಲಿನ ಲೇಬಲ್ ನಂಬಿ ಕೂರಬಾರದು ಅನ್ನುವುದು ಒಂದು. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಇನ್ನೊಂದು: ತಮ್ಮದೇ ಹೊಸ ಮಾತನ್ನು ತಾವೇ ಪ್ರಶ್ನಿಸಿದರಲ್ಲ, ಅದು. ನನ್ನ ಉತ್ತರ ತಪ್ಪಿದ್ದರೆ ಎಲ್ಲಿ ತಪ್ಪಿರಬಹುದು ಅಂತ ಬೇರೆಯವರು ಕೇಳುವ ಮೊದಲೇ ಕೇಳಿಕೊಳ್ಳುವುದು. ನಾನು ಪಿಎಚ್‌ಡಿಯಿಂದ ಹೊತ್ತು ತಂದದ್ದು ಮುಖ್ಯವಾಗಿ ಅದನ್ನೇ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ನಾನು ಪ್ರೊಟೀನ್ ಶುದ್ಧ ಮಾಡಿದವಳು. ಈಗ ಹೊಸ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ ಬರುವ ಡೇಟಾ ನೋಡುತ್ತೇನೆ. ಪ್ರೊಟೀನನ್ನು ಮತ್ತೆ ಮುಟ್ಟಿಲ್ಲ. ಸೇರಿದ ಮೊದಲ ತಿಂಗಳು ಒಂದು ಟೇಬಲ್ ಕೈಗೆ ಬಂತು. ಎಲ್ಲ ಕಡೆ ರಕ್ತದ ಸಕ್ಕರೆ 95, 110, 130 ಅಂತ ಇದೆ. ಒಂದು ಕೇಂದ್ರದ ಕೆಲವು ಸಾಲುಗಳಲ್ಲಿ ಮಾತ್ರ 5.4, 6.1. ಸಾಫ್ಟ್‌ವೇರ್ ಅದನ್ನು ಸುಮ್ನೆ ಒಪ್ಪಿಕೊಂಡಿತ್ತು. ಈ ಸಂಖ್ಯೆ ಎಲ್ಲಿಂದ ಬಂತು, ಯಾರು ಅಳೆದರು, ಯಾವ ಯೂನಿಟ್ಟಿನಲ್ಲಿ ಅಂತ ಕೇಳಿದೆ. ಅವರು ಮಿಲಿಮೋಲ್‌ನಲ್ಲಿ ಬರೆದಿದ್ದರು, ಉಳಿದವರು ಮಿಲಿಗ್ರಾಂನಲ್ಲಿ. 18ರಿಂದ ಗುಣಿಸಿದರೆ 5.4 ಅನ್ನುವುದು 97 ಆಗುತ್ತದೆ. ಈ ಪ್ರಶ್ನೆ ಕೇಳುವ ಅಭ್ಯಾಸ ನನಗೆ ಬಂದದ್ದು ಲ್ಯಾಬಿನಲ್ಲಿ.

ಆದರೆ ಆ ಕೆಲಸ ಸಿಗುವ ಮೊದಲು ಒಂದು ಇಂಟರ್‌ವ್ಯೂನಲ್ಲಿ ಸೋತಿದ್ದೆ. ಏನು ಮಾಡಿದ್ದೀರಿ ಅಂತ ಕೇಳಿದರು. ಯಂತ್ರಗಳ ಹೆಸರು ಹೇಳಿದೆ, ಪ್ರೊಟೀನಿನ ಹೆಸರು ಹೇಳಿದೆ. ಎದುರಿಗಿದ್ದವರಿಗೆ ಏನೂ ತಲುಪಲಿಲ್ಲ. ಮುಂದಿನ ಸಲ ಬೇರೆ ರೀತಿ ಹೇಳಿದೆ. ‘ನನ್ನ ಸ್ಯಾಂಪಲ್ ಎರಡು ವಾರದಲ್ಲಿ ಶಕ್ತಿ ಕಳೆದುಕೊಳ್ಳುತ್ತಿತ್ತು. ಆರು ಕಾರಣ ಪಟ್ಟಿ ಮಾಡಿದೆ, ಒಂದೊಂದೇ ತೆಗೆದುಹಾಕಿದೆ. ಪದೇ ಪದೇ ಫ್ರೀಜರಿನಿಂದ ತೆಗೆದು ಕರಗಿಸಿ ಮತ್ತೆ ಇಡುವುದೇ ಕಾರಣ ಅಂತ ತೋರಿಸಿದೆ. ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿಟ್ಟೆವು. ಆಮೇಲೆ ಲ್ಯಾಬಿನ ಎಲ್ಲರೂ ಹಾಗೇ ಮಾಡಿದರು.’ ಕೆಲಸ ಅದೇ, ಹೇಳಿದ ರೀತಿ ಬೇರೆ. ಆ ಸಲ ಅವರು ಪೆನ್ ಕೆಳಗಿಟ್ಟು ಕೇಳಿದರು.

ಡೇಟಾ ವಿಷಯದಲ್ಲಿ ಒಂದು ಮಾತು. ಫೈಲುಗಳಿಗೆ ‘ಫೈನಲ್’, ‘ಫೈನಲ್ 2’ ಅಂತ ಹೆಸರಿಡುತ್ತೀಯಲ್ಲ, ಅದನ್ನು ಇವತ್ತೇ ನಿಲ್ಲಿಸು. ಡೇಟಾ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆ ನೋಡು. ಎಕ್ಸೆಲ್ ಕೆಲವು ಜೀನುಗಳ ಹೆಸರನ್ನು ತಾರೀಕು ಅಂತ ತಿಳಿದು ಬದಲಿಸಿಬಿಡುತ್ತಿತ್ತು. ಮಾರ್ಚ್1 ಅನ್ನುವ ಜೀನ್ ಮಾರ್ಚ್ ಒಂದನೇ ತಾರೀಕು ಆಗುತ್ತಿತ್ತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಹೆಸರು ಬದಲಿಸಬೇಕಾಯಿತು! ಇನ್ನೊಂದು, ವಿಜ್ಞಾನದ ಹೊರಗಿನದು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿ, ಕ್ಲಾಸಿನ ಅಸೈನ್‌ಮೆಂಟಿಗೆ ಅಂತ, ಸರಕಾರಗಳ ಸಾಲದ ಬಗ್ಗೆ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಬರೆದಿದ್ದ ಲೆಕ್ಕವನ್ನು ಮತ್ತೆ ಮಾಡಿ ನೋಡಿದ. ಹೊಂದಲಿಲ್ಲ. ಅವರ ಎಕ್ಸೆಲ್ ಶೀಟನ್ನೇ ಕೇಳಿ ತರಿಸಿಕೊಂಡ. ಐದು ದೇಶಗಳ ಸಾಲುಗಳು ಸರಾಸರಿಗೆ ಸೇರಿರಲೇ ಇಲ್ಲ. ಅದೂ ಸೇರಿ ಇನ್ನೂ ಕೆಲವು ತೊಂದರೆ ಸರಿಪಡಿಸಿದಾಗ, ಹೆಚ್ಚು ಸಾಲದ ದೇಶಗಳ ಬೆಳವಣಿಗೆ ಮೈನಸ್ 0.1 ಪರ್ಸೆಂಟ್ ಇದ್ದದ್ದು 2.2 ಆಯಿತು. ಅವನು ಮಾಡಿದ್ದು ನೀನು ನೋಟ್‌ಬುಕ್ ತೆರೆದು ಮಾಡಿದ್ದೇ, ಅಲ್ವಾ?

ಇನ್ನು ಪಿಎಚ್‌ಡಿ ಕಲಿಸದೇ ಬಿಡುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಾಕು ಅಂತ ನಿಲ್ಲಿಸುವುದು ಅದು ಕಲಿಸುವುದಿಲ್ಲ. ಇನ್ನೊಂದು ಪ್ರಯೋಗ, ಇನ್ನೊಂದು ಗ್ರಾಫ್ ಅಂತ ಎಳೆಯುತ್ತಲೇ ಹೋಗಬಹುದು. ಹೊರಗಿನ ಕೆಲಸದಲ್ಲಿ ಶುಕ್ರವಾರ ಅಂದರೆ ಶುಕ್ರವಾರ. ಎಂಟು ಜನ ಸೇರಿ ಒಂದೇ ಕೆಲಸ ಮುಗಿಸುವುದೂ ಒಬ್ಬಳೇ ಬೆಂಚಿನ ಮುಂದೆ ನಿಂತವಳಿಗೆ ತಾನಾಗಿ ಬರುವುದಿಲ್ಲ. ಇವೆರಡನ್ನು ನೀನೇ ಹುಡುಕಿಕೊಂಡು ಹೋಗಬೇಕು. ಹೊಸ ವಿದ್ಯಾರ್ಥಿಗೆ ಆರು ವಾರದ ಕೆಲಸ ಯೋಜಿಸಿ ಕೊಡು, ಆರನೇ ವಾರಕ್ಕೆ ಮುಗಿಸು. ಬೇರೆ ವಿಭಾಗದವರ ಜೊತೆ ಒಂದು ಚಿಕ್ಕ ಕೆಲಸಕ್ಕೆ ಕೈ ಹಾಕು. ಗೈಡ್‌ಗೆ ಹೇಳಿಯೇ ಮಾಡು, ಕದ್ದು ಮಾಡಬೇಡ. ವರ್ಕ್‌ಶಾಪುಗಳಿಗೆ ಬೇಕಾದರೆ ಹೋಗು. ಆದರೆ ಅಲ್ಲಿ ಕೇಳಿದ್ದನ್ನು ಅದೇ ವಾರ ನಿನ್ನ ಕೆಲಸದಲ್ಲಿ ಬಳಸದಿದ್ದರೆ ಸರ್ಟಿಫಿಕೇಟ್ ಮಾತ್ರ ಉಳಿಯುತ್ತದೆ.

ಮತ್ತೆ ಪ್ರತಿ ಶುಕ್ರವಾರ ಐದು ನಿಮಿಷ ಕೂತು ಎರಡು ಸಾಲು ಬರೆ. ಈ ವಾರ ಏನು ಕೆಟ್ಟಿತು, ನಾನು ಏನು ಮಾಡಿದೆ. ಯಂತ್ರದ ಹೆಸರು ಇಲ್ಲದೆ ಬರೆ. ನಾನು ಇದನ್ನು ಮಾಡಲಿಲ್ಲ. ಕೊನೆಯ ವರ್ಷ ನೆನಪಿನಿಂದ ಹೆಕ್ಕಬೇಕಾಯಿತು, ಅರ್ಧ ಮರೆತೇ ಹೋಗಿತ್ತು.

ಮಾತಾಡುವ ಅಭ್ಯಾಸಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯವರು 2008ರಲ್ಲಿ ಒಂದು ಸ್ಪರ್ಧೆ ಶುರು ಮಾಡಿದರು. ಇಡೀ ಪಿಎಚ್‌ಡಿ ಕೆಲಸವನ್ನು ಮೂರು ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು, ಆ ವಿಷಯ ಓದದವರಿಗೂ ತಿಳಿಯುವ ಹಾಗೆ ಹೇಳಬೇಕು. ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ನಿನ್ನ ಯೂನಿವರ್ಸಿಟಿಯಲ್ಲೂ ಇದೆಯಾ ನೋಡು. ಇಲ್ಲದಿದ್ದರೆ ಈ ಗ್ರೂಪೇ ಸಾಕು. ಭಾವ, ನೀವು ಕೇಳುವವರು. ಪುಟ್ಟಿ, ಭಾನುವಾರದೊಳಗೆ ಅಪ್ಪನಿಗೆ ಮೂರು ನಿಮಿಷದ ಮೆಸೇಜ್ ಕಳಿಸು. ನೀರಿನ ಕಥೆಯನ್ನೇ ಹೇಳು. ಎಲ್ಲಿ ಅರ್ಥ ಆಗಲಿಲ್ಲ ಅಂತ ಅವರು ಹೇಳಲಿ, ಅಲ್ಲಿಂದ ನಾವಿಬ್ಬರೂ ಕೂತು ತಿದ್ದೋಣ.